ಆಬಾನ್ ತಿಂಗಳ ಕೊನೆಯ ಸಾಲು

ಧಾರವಾಡ
೧೨ ನವೆಂಬರ್ ೧೯೫೬

ಗಜೇಂದ್ರಗಡದ ಶ್ರೀ ಹುಚ್ಚಪ್ಪ ಗೋಣೆಪ್ಪ ಕಮತರ ಅವರಿಗೆ,

ನಮಸ್ಕಾರ. ತಮಗೆ ನನ್ನ ಪರಿಚಯವಿಲ್ಲ. ರೋಣದ ವಕೀಲ ಗುರುರಾಜ ಕಟ್ಟಿಯವರು ತಮ್ಮ ಹೆಸರು ಹೇಳಿದರು. ನಾನು ಇಲ್ಲಿಯ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ೧೯೪೭ರ ಆಗಸ್ಟಿನಿಂದ ಮರುವರ್ಷದ ಸಪ್ಟೆಂಬರದವರೆಗೆ ಹಿಂದುಸ್ಥಾನಕ್ಕೂ ನಿಜಾಮರ ಹೈದರಾಬಾದಿಗೂ ಇದ್ದ ಸಂಬಂಧ ನನ್ನ ವಿಷಯ. ಆ ಹದಿಮೂರು ತಿಂಗಳು ಅವು ಎರಡು ದೇಶಗಳಾಗಿದ್ದವೇ ಅಲ್ಲವೇ ಎಂದು ದೊಡ್ಡವರು ಇಂದಿಗೂ ವಾದಿಸುತ್ತಾರೆ. ದಿಲ್ಲಿಯ ಕಾಗದಗಳೂ ವಿಶ್ವಸಂಸ್ಥೆಯ ಮುಂದೆ ಆಡಿದ ಮಾತುಗಳೂ ಅಚ್ಚಾಗಿವೆ. ಗಡಿಯ ಹಳ್ಳ ದಾಟಿ ಹೋಗಿಬರುತ್ತಿದ್ದವರಿಗೆ ಅದು ಏನಾಗಿತ್ತೆಂದು ಮಾತ್ರ ಯಾರೂ ಬರೆದಿಲ್ಲ.

ಗಜೇಂದ್ರಗಡದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ, ಹಳ್ಳದ ಆಚೆಗಿದ್ದ ನಿಜಾಮ ಸರಕಾರದ ಸುಂಕದ ನಾಕಾದಲ್ಲಿ ತಾವು ಕಾರಕೂನರಾಗಿದ್ದಿರೆಂದೂ, ದಾಟಿದವರ ಹೆಸರು ಬರೆದ ಪುಸ್ತಕ ಇನ್ನೂ ತಮ್ಮ ಹತ್ತಿರ ಇದೆಯೆಂದೂ ವಕೀಲರು ತಿಳಿಸಿದರು. ಇದು ನಿಜವಾದರೆ ದಯವಿಟ್ಟು ಎರಡು ಸಾಲು ಬರೆಯಿರಿ.

ಎನ್. ಜಿ. ಕಟ್ಟಿ


ಗಜೇಂದ್ರಗಡ
೨೦ ನವೆಂಬರ್ ೧೯೫೬

ಕಟ್ಟಿ ಸಾಹೇಬರಿಗೆ,

ತಮ್ಮ ಪತ್ರ ಮುಟ್ಟಿತು. ತಾವು ವಕೀಲರ ಚಿರಂಜೀವರೆಂದು ತಿಳಿಯುತ್ತೇನೆ. ಅವರ ಉಪಕಾರ ನನ್ನ ಮೇಲಿದೆ. ನಾಕಾ ಎತ್ತಿದ ಮೇಲೆ ಪೇಟೆಯಲ್ಲಿ ಕುಳಿತು ಜನರ ಅರ್ಜಿ ಬರೆಯುವ ಪರವಾನಿಗೆ ಅವರೇ ಕೊಡಿಸಿದರು.

ಪುಸ್ತಕ ಇರುವುದು ಖರೆ. ನಾನು ಹನ್ನೊಂದು ವರ್ಷ ಆ ಕಟ್ಟೆಯ ಮೇಲೆ ಕುಳಿತೆ. ಬಂದವನ ಹೆಸರು, ಊರು, ಸಾಮಾನು, ಯಾತಕ್ಕೆ ಬಂದ, ಸುಂಕ ಎಷ್ಟು ಎಂದು ಐದು ಮನೆ ಹಾಕಿದ ಪುಸ್ತಕ. ಎಲ್ಲ ಉರ್ದುವಿನಲ್ಲಿದೆ, ತಾರೀಖುಗಳೂ ನಿಜಾಮರ ಫಸಲಿ ತಿಂಗಳಿನವು. ಅದನ್ನು ಕೈಬಿಟ್ಟು ಕೊಡಲಾರೆ. ತಿಂಗಳು ತಿಂಗಳಾಗಿ ಕನ್ನಡಕ್ಕೆ ಇಳಿಸಿ ಕಳಿಸಬಲ್ಲೆ. ಇಷ್ಟು ಓದಿದವರಿಗೆ ಇಂಥ ಪುಸ್ತಕ ಯಾತಕ್ಕೆ ಬೇಕಾಯಿತೋ ನನಗೆ ತಿಳಿಯಲಿಲ್ಲ. ಅದರಲ್ಲಿ ಬೆಲ್ಲ, ಮೆಣಸಿನಕಾಯಿ, ಬೀಗರು ಬಿಟ್ಟರೆ ಮತ್ತೇನೂ ಇಲ್ಲ.

ಹುಚ್ಚಪ್ಪ ಕಮತರ


ಧಾರವಾಡ
೩ ಡಿಸೆಂಬರ್ ೧೯೫೬

ಹುಚ್ಚಪ್ಪನವರಿಗೆ,

ಬೆಲ್ಲ, ಮೆಣಸಿನಕಾಯಿ, ಬೀಗರು, ನನಗೆ ಬೇಕಾದದ್ದು ಅದೇ. ದಯವಿಟ್ಟು ಶುರು ಮಾಡಿರಿ. ಆಗುವ ಟಪಾಲಿನ ಖರ್ಚು ನನ್ನದು.

ಒಂದು ಮಾತು ತಿದ್ದಬೇಕು. ಎನ್. ಎಂದರೆ ನರ್ಮದಾ. ನಾನು ವಕೀಲರ ಮಗನಲ್ಲ, ಮಗಳು. ಪೂರ್ತಿ ಹೆಸರು ಬರೆದು ಕೆಲವು ಕಚೇರಿಗಳಿಗೆ ಪತ್ರ ಹಾಕಿದಾಗ ಉತ್ತರವೇ ಬರಲಿಲ್ಲ. ಒಂದು ಕಚೇರಿಯವರು ನನ್ನನ್ನು ಬಿಟ್ಟು ತಂದೆಯವರಿಗೆ ಬರೆದರು. ಅಂದಿನಿಂದ ಈ ಎರಡು ಅಕ್ಷರದ ಮರೆ ಹಿಡಿದಿದ್ದೇನೆ. ತಮ್ಮ ಮುಂದೆ ಅದು ಬೇಡವೆನಿಸಿತು.

ನರ್ಮದಾ ಗುರುರಾಜ ಕಟ್ಟಿ


ಗಜೇಂದ್ರಗಡ
೨ ಜನವರಿ ೧೯೫೭

ನರ್ಮದಾಬಾಯಿಯವರಿಗೆ,

ಮಗಳೆಂದು ತಿಳಿದು ಸಂತೋಷವಾಯಿತು. ನನಗೆ ಮಕ್ಕಳಿಲ್ಲ. ಒಂದು ವರ್ಷದ ಬರೆಹ ಇದರ ಕೂಡ ಇದೆ. ಒಂದು ಬರೆಹದ ಹಿಂದಿನ ಸಂಗತಿ ಪುಸ್ತಕದಲ್ಲಿ ಇಲ್ಲದ್ದರಿಂದ ಇಲ್ಲಿ ಹೇಳುತ್ತೇನೆ.

ಬಹಮನ್ ತಿಂಗಳಲ್ಲಿ, ಅಂದರೆ ನಮ್ಮ ಡಿಸೆಂಬರ ಸುಮಾರು, ಚಿಕ್ಕನರಗುಂದದ ಫಕೀರವ್ವ ಕುಷ್ಟಗಿ ಕಡೆಯ ತವರಿಗೆ ಬಾಣಂತನಕ್ಕೆ ಹೋದಳು. ಮೂರು ತಿಂಗಳ ಮೇಲೆ ಕೂಸು ಎತ್ತಿಕೊಂಡು ತಿರುಗಿ ಬಂದಳು. ಜೊತೆಗೆ ತವರಿನವರು ಕೊಟ್ಟ ಹೊಸ ತೊಟ್ಟಿಲು. ಹೊರಗೆ ಹೋಗುವ ಹೊಸ ಕಟ್ಟಿಗೆ ಸಾಮಾನಿಗೆ ಸುಂಕವಿತ್ತು. ಆಕೆಯ ಹತ್ತಿರ ಕೊಡಲಿಕ್ಕೆ ಏನೂ ಇರಲಿಲ್ಲ. ನಮ್ಮ ನಾಕೇದಾರ ಗೌಸ್ ಮೊಹಿಯುದ್ದೀನ ಸಾಹೇಬರು ನೋಡಿ, "ಕೂಸಿನ್ನ ತೊಟ್ಟಿಲದಾಗ ಮಲಗಸ್ರಿ" ಅಂದರು. ಮಲಗಿಸಿದಳು. "ಹುಚ್ಚಪ್ಪ, ಈಗ ಇದು ಸಾಮಾನಲ್ಲ, ಹಾಸಿಗಿ. ಸುಂಕ ಇಲ್ಲ ಅಂತ ಬರಿ" ಅಂದರು. ನಾಲ್ಕು ಜನ ಆ ತೊಟ್ಟಿಲನ್ನು ಕೂಸಿನ ಸಮೇತ ಹೊತ್ತು ಹಳ್ಳ ದಾಟಿಸಿದರು.

ಸಾಹೇಬರ ಹೆಂಡತಿ ಮುಮತಾಜಬಿ ಈಗ ಇಲ್ಲೇ ನೇಕಾರರ ಓಣಿಯಲ್ಲಿ ಇದ್ದಾರೆ. ಕುಪ್ಪಸ ಹೊಲಿಯುತ್ತಾರೆ. ಮಗಳು ಜಹೀದಾಳಿಗೆ ಹದಿನೆಂಟು. ರೋಣದಿಂದ ಒಂದು ಒಳ್ಳೆಯ ಮನೆತನದವರು ಎರಡು ಸಲ ಕೇಳಿಹೋದರು. "ಅವರಪ್ಪ ಬರಲಿ, ಆಮ್ಯಾಲೆ" ಎನ್ನುತ್ತಾರೆ ತಾಯಿ.

ಹುಚ್ಚಪ್ಪ


ಧಾರವಾಡ
೨೦ ಜನವರಿ ೧೯೫೭

ಹುಚ್ಚಪ್ಪನವರಿಗೆ,

ತೊಟ್ಟಿಲ ಸಂಗತಿಯನ್ನು ನಮ್ಮ ಪ್ರೊಫೆಸರರಿಗೆ ಓದಿ ಹೇಳಿದೆ. ಅವರು ಹಾಗೆಲ್ಲ ನಗುವವರಲ್ಲ, ಅವತ್ತು ನಕ್ಕರು. ಆಮೇಲೆ ಆ ಕೂಸು ಯಾವ ದೇಶದ ಪ್ರಜೆ ಎಂದು ಒಂದು ತಾಸು ಚರ್ಚೆ ನಡೆಯಿತು.

ತಾವು ಕಳಿಸಿದ್ದು ಮೆಹರ್ ತಿಂಗಳಿಗೆ ನಿಂತಿದೆ. ಆಮೇಲಿನ ಆಬಾನ್ ಬರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಅದು ೧೯೪೮ರ ಸಪ್ಟೆಂಬರ, ಸೈನ್ಯ ಹೈದರಾಬಾದಿಗೆ ಹೊಕ್ಕ ತಿಂಗಳು. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಗೌಸ್ ಸಾಹೇಬರು ಈಗ ಎಲ್ಲಿದ್ದಾರೆ? ಅವರನ್ನು ಭೇಟಿಯಾಗಬಹುದೇ?

ನರ್ಮದಾ


ಗಜೇಂದ್ರಗಡ
೧೧ ಫೆಬ್ರುವರಿ ೧೯೫೭

ನರ್ಮದಾಬಾಯಿಯವರಿಗೆ,

ಚುನಾವಣೆಯ ಗದ್ದಲದಲ್ಲಿ ತಡವಾಯಿತು. ಮತದಾರರ ಪಟ್ಟಿಯಲ್ಲಿ ಹೆಸರು ತಪ್ಪಿದವರೆಲ್ಲ ಅರ್ಜಿ ಬರೆಸಲು ಬರುತ್ತಿದ್ದಾರೆ.

ಆಬಾನ್ ತಿಂಗಳು ಬಹಳ ಇಲ್ಲ. ಜನ ಹೊರಬೀಳುವುದನ್ನೇ ಬಿಟ್ಟಿದ್ದರು. ಹನ್ನೆರಡು ಹೆಸರು ಇವೆ, ಕೂಡ ಇಟ್ಟಿದ್ದೇನೆ. ಕೊನೆಯ ಎರಡು ಸಾಲು ಹೀಗಿವೆ:

"ಮುಮತಾಜಬಿ, ಮಗಳು ಜಹೀದಾ. ಗಜೇಂದ್ರಗಡಕ್ಕೆ. ಸಾಮಾನು ಒಂದು ಗಂಟು. ಸುಂಕ ಇಲ್ಲ.

ನಾಕೇದಾರ ಸಾಹೇಬರು ದಫ್ತರ ಮುಚ್ಚಿ ಹೈದರಾಬಾದಿಗೆ ಹೊರಟರು. ಸಾಮಾನು ಇಲ್ಲ."

ಆಮೇಲೆ ಪುಸ್ತಕದಲ್ಲಿ ಬರೆಹ ಇಲ್ಲ. ಸಾಹೇಬರ ಸುದ್ದಿ ಬಂದಿಲ್ಲ. ಕರಾಚಿಗೆ ಹೋದವರು ಬಹಳ ಮಂದಿ ಎಂದು ಇಲ್ಲಿ ಜನ ಆಡಿಕೊಳ್ಳುತ್ತಾರೆ.

ಹುಚ್ಚಪ್ಪ


ಧಾರವಾಡ
೨೦ ಮಾರ್ಚ್ ೧೯೫೭

ಹುಚ್ಚಪ್ಪನವರಿಗೆ,

ಆ ಕೊನೆಯ ಸಾಲಿಗೆ ನಾನು ಎಷ್ಟು ಋಣಿ ಎಂಬುದನ್ನು ಹೇಗೆ ಹೇಳಲಿ? ಒಂದು ರಾಜ್ಯವೇ ಮುಳುಗುತ್ತಿರುವಾಗ ಅದರ ಸಣ್ಣ ಅಧಿಕಾರಿಯೊಬ್ಬ ಮೊದಲು ಹೆಂಡತಿ ಮಗಳ ಹೆಸರು ಬರೆಸಿ, ಆಮೇಲೆ ತನ್ನದನ್ನೂ ಬರೆಸಿ, ದಫ್ತರ ಮುಚ್ಚಿ ಹೋಗುತ್ತಾನೆ. ನೂರು ಪುಟ ಬರೆದು ಹೇಳಬೇಕೆಂದಿದ್ದನ್ನು ಅದು ಒಂದೇ ಸಾಲಿನಲ್ಲಿ ಹೇಳುತ್ತದೆ.

ಇನ್ನೊಂದು ಸಂತೋಷದ ಸುದ್ದಿ. ಏಪ್ರಿಲಿನಲ್ಲಿ ಹೈದರಾಬಾದಿಗೆ ಹೋಗುತ್ತಿದ್ದೇನೆ. ಅಲ್ಲಿಯ ಹಳೆಯ ಸುಂಕ ಇಲಾಖೆಯ ಕಾಗದಗಳನ್ನು ನೋಡಲು ಅನುಮತಿ ಸಿಕ್ಕಿತು. ಗೌಸ್ ಸಾಹೇಬರ ಶೋಧವನ್ನೂ ಮಾಡುತ್ತೇನೆ. ಮುಮತಾಜಬಿಯವರಿಗೆ ಹೇಳಿರಿ, ಏನಾದರೂ ಸುದ್ದಿ ತರಲು ನನ್ನಿಂದಾದಷ್ಟು ಮಾಡುವೆನೆಂದು.

ನರ್ಮದಾ


ಹೈದರಾಬಾದು
೧೮ ಏಪ್ರಿಲ್ ೧೯೫೭

ಹುಚ್ಚಪ್ಪನವರಿಗೆ,

ನನ್ನ ಹಿಂದಿನ ಪತ್ರಕ್ಕೆ ತಮ್ಮ ಉತ್ತರ ಬರಲಿಲ್ಲ. ಇಲ್ಲಿಂದ ಮೊದಲು ತಮಗೇ ಬರೆಯುತ್ತಿದ್ದೇನೆ.

ಗಡಿಯ ನಾಕಾಗಳಲ್ಲಿದ್ದ ನೌಕರರ ಪಟ್ಟಿ ಸಿಕ್ಕಿತು. ೧೯೪೯ರ ಜನವರಿಯಲ್ಲಿ ಮಾಡಿದ್ದು. ಇಲ್ಲಿಯ ಒಬ್ಬ ಗುಮಾಸ್ತರು ಉರ್ದು ಓದಿ ಹೇಳಿದರು. ತಮ್ಮ ಹೆಸರಿನ ಮುಂದೆ ಗಜೇಂದ್ರಗಡದಲ್ಲಿದ್ದಾರೆ ಎಂದಿದೆ. ಗೌಸ್ ಸಾಹೇಬರ ಮುಂದೆ "ಹಾಜರಾಗಿಲ್ಲ, ಆಬಾನ್ ತಿಂಗಳ ಸಂಬಳ ಪಡೆದಿಲ್ಲ" ಎಂದಿದೆ. ಅವರ ಅಣ್ಣನ ಮನೆ ಹುಡುಕಿಕೊಂಡು ಹೋದೆ. ಆ ಸಪ್ಟೆಂಬರದ ಮೊದಲು ಬಂದ ಒಂದು ಕಾರ್ಡು ತೋರಿಸಿದರು. ಆಮೇಲೆ ಅವರೂ ಬರಲಿಲ್ಲ, ಪತ್ರವೂ ಬರಲಿಲ್ಲ, ಕರಾಚಿಯಲ್ಲಿರುವ ನೆಂಟರ ಹತ್ತಿರವೂ ಹೋಗಿಲ್ಲ.

ತಮ್ಮ ಪುಸ್ತಕ ಹೊರಟರು ಎನ್ನುತ್ತದೆ. ಇಲ್ಲಿಯ ಪಟ್ಟಿ ಮುಟ್ಟಲಿಲ್ಲ ಎನ್ನುತ್ತದೆ. ದಾರಿಯಲ್ಲಿ ಏನಾಯಿತು? ಅವರು ಯಾರ ಕೂಡ, ಯಾವ ಗಾಡಿಯಲ್ಲಿ ಹೊರಟರೆಂದು ನೆನಪಿದ್ದರೆ ತಿಳಿಸಿರಿ. ಮುಮತಾಜಬಿಯವರಿಗೆ ಸದ್ಯ ಏನೂ ಹೇಳಬೇಡಿರಿ.

ನರ್ಮದಾ


ರೋಣ
೨೦ ಮೇ ೧೯೫೭

ಹುಚ್ಚಪ್ಪನವರಿಗೆ,

ರಜೆಗೆ ಊರಿಗೆ ಬಂದಿದ್ದೇನೆ. ಹೊಳೆಆಲೂರ ನಿಲ್ದಾಣದಲ್ಲಿ ಗಜೇಂದ್ರಗಡದವರೊಬ್ಬರು ಸಿಕ್ಕು, ತಾವು ಆರೋಗ್ಯವಾಗಿದ್ದೀರಿ, ದಿನಾಲು ಪೇಟೆಗೆ ಬರುತ್ತೀರಿ ಎಂದರು. ಹಾಗಾದರೆ ತಾವು ಬೇಕೆಂದೇ ಉತ್ತರ ಬರೆದಿಲ್ಲ.

ತಂದೆಯವರನ್ನು ಕೇಳಿದೆ. ಸರಕಾರಿ ಪುಸ್ತಕವನ್ನು ಮನೆಯಲ್ಲಿ ಇಟ್ಟುಕೊಂಡದ್ದಕ್ಕೆ ಚೌಕಶಿ ಆದೀತೆಂಬ ಅಂಜಿಕೆ ಇರಬಹುದು ಎಂದರು. ನನಗೂ ಹಾಗೇ ಅನಿಸುತ್ತದೆ. ತಮ್ಮ ಹೆಸರನ್ನು ನನ್ನ ಪ್ರಬಂಧದಲ್ಲಿ ಎಲ್ಲಿಯೂ ಹಾಕುವುದಿಲ್ಲ, ಮಾತು ಕೊಡುತ್ತೇನೆ. ನನಗೆ ಬೇಕಾದದ್ದು ಒಂದೇ: ಆ ಸಾಲಿನ ನಿಜ.

ನರ್ಮದಾ


ಗಜೇಂದ್ರಗಡ
೨೯ ಮೇ ೧೯೫೭

ನರ್ಮದಾಬಾಯಿಯವರಿಗೆ,

ನನಗೆ ಐವತ್ತೆಂಟು ವರ್ಷ. ಈ ವಯಸ್ಸಿಗೆ ಚೌಕಶಿ ಮಾಡಿ ಯಾರು ನನ್ನಿಂದ ಏನು ಕಸಿದುಕೊಳ್ಳಬೇಕು? ಪೇಟೆಯ ಎಲ್ಲರ ಎದುರು ನನ್ನ ಹೆಸರು ಓದಿದರೂ ಅಂಜುವುದಿಲ್ಲ. ತಾವು ಹಾಗೆ ತಿಳಿದದ್ದು ನೋಡಿ ಎರಡು ದಿನ ಪತ್ರವನ್ನು ಮಡಿಚಿ ಇಟ್ಟಿದ್ದೆ. ಆಮೇಲೆ, ತಮಗೆ ಗೊತ್ತಿಲ್ಲದ್ದಕ್ಕೆ ಹಾಗೆ ತಿಳಿದಿರಿ, ಗೊತ್ತಿಲ್ಲದಂತೆ ಮಾಡಿದವನು ನಾನೇ ಎಂದು ಹೊಳೆಯಿತು.

ಗೌಸ್ ಸಾಹೇಬರು ಎಲ್ಲಿಗೂ ಹೊರಡಲಿಲ್ಲ.

ನಿಜಾಮರು ಸೋತರೆಂಬ ಸುದ್ದಿ ಶುಕ್ರವಾರ ಬಂತು. ಇದು ರವಿವಾರದ ಮಾತು. ಆ ಬೇಸಿಗೆಯಲ್ಲಿ ನಿಜಾಮರ ಕಡೆಯ ರಜಾಕಾರ ಪಡೆಯವರು ಸುತ್ತಿನ ಹಳ್ಳಿಗಳಿಂದ ಜೋಳದ ಚೀಲ ಹೊರಿಸಿಕೊಂಡು ನಮ್ಮ ನಾಕಾದ ಮುಂದೆಯೇ ಹೋಗುತ್ತಿದ್ದರು. ಸಾಹೇಬರು ತಡೆಯಲಿಲ್ಲ. ಒಂದು ಸಲ ಒಬ್ಬ ಮುದುಕನನ್ನು ಅವರ ಕೈಯಿಂದ ಬಿಡಿಸಿದರು, ಅದು ಬಿಟ್ಟರೆ ಏನೂ ಮಾಡಲಿಲ್ಲ. ಜನರಿಗೆ ಸಿಟ್ಟಿತ್ತು. ಸಾಹೇಬರಿಗೂ ಅದು ಗೊತ್ತಿತ್ತು. ಬೆಳಿಗ್ಗೆ ನನ್ನನ್ನು ಕರೆದು, ಹೆಂಡತಿ ಮಗಳನ್ನು ಗಜೇಂದ್ರಗಡಕ್ಕೆ ದಾಟಿಸು ಎಂದರು. "ನೀವೂ ನಡೀರಿ" ಅಂದೆ. "ಚಾರ್ಜ್ ಕೊಡದ ನಾಕಾ ಹ್ಯಾಂಗ ಬಿಡಲಿ, ಹುಚ್ಚಪ್ಪ? ಮಿಲಿಟರಿಯವರು ಬರತಾರ, ಪುಸ್ತಕ ಅವರ ಕೈಯಾಗ ಕೊಟ್ಟು ಬರತೀನಿ" ಅಂದರು. ಅವರಿಬ್ಬರ ಹೆಸರನ್ನು ಆಗಲೇ ನನ್ನಿಂದ ಬರೆಸಿದರು. ಆ ಸಾಲು ಖರೆ.

ಇಬ್ಬರನ್ನೂ ನಾನೇ ಹಳ್ಳ ದಾಟಿಸಿದೆ. ಮುಮತಾಜ ಬೀಬಿಯವರು ಈಚೆ ದಂಡೆ ಮುಟ್ಟಿದ ಮೇಲೆ ಊರಿಗೆ ನಡೆಯಲು ಒಪ್ಪಲಿಲ್ಲ. ಗಂಡ ಬರುವ ತನಕ ಅಲ್ಲೇ ನಿಲ್ಲುತ್ತೇನೆಂದರು. ಮಧ್ಯಾಹ್ನವಾಯಿತು. ಕರೆತರುತ್ತೇನೆಂದು ನಾನು ತಿರುಗಿ ಹೋದೆ. ನಾಕಾ ಏರಿನ ಹಿಂದೆ ಇತ್ತು, ದಂಡೆಯಿಂದ ಕಾಣುತ್ತಿರಲಿಲ್ಲ. ನಾನು ಹೋಗುವುದರೊಳಗೆ ಗುಂಪು ಬಂದು ಹೋಗಿತ್ತು. ಸಾಹೇಬರು ಬಾಗಿಲ ಮುಂದೆ ಬಿದ್ದಿದ್ದರು. ಜೀವ ಇರಲಿಲ್ಲ. ಯಾರೆಂದು ನಾನು ಕಣ್ಣಾರೆ ನೋಡಿಲ್ಲ. ಕಿವಿಗೆ ಬಿದ್ದ ಹೆಸರುಗಳನ್ನು ಕಾಗದದ ಮೇಲೆ ಬರೆಯಲಾರೆ.

ಅವರನ್ನು ಹಾಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಸಲಿಕೆ ಇತ್ತು. ಬನ್ನಿ ಗಿಡದ ಹತ್ತಿರ ಭೂಮಿ ಮೆತ್ತಗಿತ್ತು, ಅಲ್ಲಿ ಮಣ್ಣು ಮಾಡಿದೆ. ಪುಸ್ತಕ ಅಂಗಳದಲ್ಲಿ ಬಿದ್ದಿತ್ತು. ನನ್ನ ಬರಿಗೈ ನೋಡಿದರೆ ಬೀಬಿಯವರು ಹಳ್ಳ ದಾಟಿ ಓಡಿಬರುವುದು ಖಂಡಿತ. ಗುಂಪು ಇನ್ನೂ ಸುತ್ತಿನಲ್ಲೇ ತಿರುಗುತ್ತಿತ್ತು, ಜೊತೆಗೆ ಒಂಬತ್ತು ವರ್ಷದ ಹುಡುಗಿ. ಬಾಯಿಮಾತನ್ನು ಅವರು ನಂಬುವವರಲ್ಲ, ಉರ್ದು ಓದಬಲ್ಲವರು. ಅದಕ್ಕೆ ಕುಳಿತು ಆ ಸಾಲು ಬರೆದೆ. ಹಳ್ಳದಲ್ಲಿ ಕೈ ತೊಳೆದುಕೊಂಡು ದಾಟಿದೆ. ಓದಿದರು, ಎರಡು ಸಲ ಓದಿದರು. ಆಮೇಲೆ ನನ್ನ ಹಿಂದೆ ಊರಿಗೆ ನಡೆದರು.

ಒಂದು ವಾರ ಕಳೆಯಲಿ, ಹೇಳೋಣ ಅಂದುಕೊಂಡೆ. ಆಮೇಲೆ ಒಂದು ತಿಂಗಳು ಅಂದೆ. ಕರಾಚಿಯ ಮಾತು ಯಾರೋ ಎತ್ತಿದರು, ನಾನು ಅಲ್ಲವೆನ್ನಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಬರೆದ ಸುಳ್ಳು ಅದೊಂದೇ ಸಾಲು, ನರ್ಮದಾಬಾಯಿ.

ಹುಚ್ಚಪ್ಪ


ಧಾರವಾಡ
೮ ಜೂನ್ ೧೯೫೭

ಹುಚ್ಚಪ್ಪ ಕಾಕಾ ಅವರಿಗೆ,

ಹೀಗೆ ಕರೆಯುವುದಕ್ಕೆ ತಮ್ಮ ಅಭ್ಯಂತರವಿರಲಿಕ್ಕಿಲ್ಲ. ತಮ್ಮನ್ನು ತಪ್ಪು ತಿಳಿದೆ, ಕ್ಷಮಿಸಿರಿ.

ನಾನೂ ಒಂದು ಸಂಗತಿ ಮುಚ್ಚಿಟ್ಟಿದ್ದೆ. ಮಾರ್ಚ್ ಹದಿನಾರರಂದು ವಿಭಾಗದ ಸಭೆಯಲ್ಲಿ ನನ್ನ ಲೇಖನ ಓದಿದೆ. ಅದು ಮುಗಿದದ್ದೇ ಆ ಕೊನೆಯ ಸಾಲಿನಿಂದ. ಮುಂಬಯಿಯಿಂದ ಬಂದಿದ್ದ ಒಬ್ಬರು ಎದ್ದುನಿಂತು ಹೊಗಳಿದರು. ತಮ್ಮನ್ನು ಕೇಳದೆ ಓದಿದ್ದೆನಾದ್ದರಿಂದ ಸಂಕೋಚವಾಗಿ ಆಗ ಬರೆಯಲಿಲ್ಲ. ಈಗ ಆ ಸುಳ್ಳು ನನ್ನ ಬಾಯಿಂದಲೂ ಹೊರಬಿದ್ದಂತಾಯಿತು.

ನನ್ನದನ್ನು ನಾನು ತಿದ್ದಿಕೊಳ್ಳುತ್ತೇನೆ. ಮುಮತಾಜಬಿಯವರಿಗೆ ಹೇಳಿಬಿಡಿರಿ ಎಂದು ತಮಗೆ ಹೇಳುವ ಅಧಿಕಾರ ನನಗಿಲ್ಲ. ಅವತ್ತು ಆ ನಾಕಾದಲ್ಲಿ ತಮ್ಮ ಜಾಗದಲ್ಲಿ ನಾನಿದ್ದರೆ ನಾನೂ ಬರೆಯುತ್ತಿದ್ದೆನೋ ಏನೋ. ಆದರೆ ಅಂದು ಅವರಿಬ್ಬರ ಜೀವ ಉಳಿಸಿದ ಸಾಲು ಇಂದು ಜಹೀದಾಳ ಮದುವೆಯನ್ನು ಹಿಡಿದು ನಿಲ್ಲಿಸಿದೆ. ಆ ತಾಯಿ ಒಂಬತ್ತು ವರ್ಷದಿಂದ ಕಾಯುತ್ತಿರುವುದು ಗಂಡನನ್ನಲ್ಲ ಕಾಕಾ, ನೀವು ಬರೆದ ಅಕ್ಷರವನ್ನು.

ನರ್ಮದಾ


ಗಜೇಂದ್ರಗಡ
೩೦ ಜೂನ್ ೧೯೫೭

ಚಿರಂಜೀವಿ ನರ್ಮದಾಳಿಗೆ,

ಹೇಳಿದೆ. ಹತ್ತು ದಿನವಾಯಿತು.

ಮುಂಜಾನೆ ಪುಸ್ತಕ ತೆಗೆದುಕೊಂಡು ಹೋದೆ. ಬೀಬಿಯವರು ನೆರೆಮನೆಯ ಕಳಕವ್ವನ ಕುಪ್ಪಸ ಹೊಲಿಯುತ್ತ ಕುಳಿತಿದ್ದರು. ಜಹೀದಾ ಅಲ್ಲೇ ಇದ್ದಳು. ಆ ಪುಟ ತೆಗೆದು ಮುಂದಿಟ್ಟು, ಈ ಸಾಲು ಸಾಹೇಬರು ಬರೆಸಿದ್ದಲ್ಲ, ನಾನೇ ಬರೆದದ್ದು ಎಂದೆ. ಆಮೇಲೆ ನಿನಗೆ ಬರೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಅವರು ಅಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. ಕೈಯಲ್ಲಿದ್ದ ಅಂಚನ್ನು ಹೊಲಿದು ಮುಗಿಸಿ ದಾರ ಕಡಿದರು. ಆಮೇಲೆ ಒಂದು ಮಾತು ಕೇಳಿದರು.

"ಅವತ್ತ ಅವರದು ಊಟ ಆಗಿತ್ತೇನು?"

ಆಗಿತ್ತು ಅಂದುಬಿಡಬೇಕೆಂದು ನಾಲಗೆ ತುದಿಗೆ ಬಂತು. ಆದರೆ ಮೇಜಿನ ಮೇಲೆ ಬುತ್ತಿ ಬಿಚ್ಚಿದ್ದದ್ದು, ಒಂದು ರೊಟ್ಟಿ ಅರ್ಧ ಮುರಿದದ್ದು ನಾನು ನೋಡಿದ್ದೆ. "ಅರ್ಧ ಆಗಿತ್ರಿ" ಅಂದೆ.

ಸಿಟ್ಟು ಮಾಡಿದವಳು ಜಹೀದಾ. ಬಾಗಿಲಿಗೆ ಬಂದು ನಿಂತು, "ಕಾಕಾ, ನೀ ಒಬ್ಬನ ಅವರಿಗೆ ಮಣ್ಣ ಕೊಟ್ಟಿ. ನಮಗ ಅಳಾಕೂ ಬಿಡಲಿಲ್ಲ" ಅಂದಳು. ಪುಸ್ತಕ ಎತ್ತಿಕೊಂಡು ಮನೆಗೆ ಬಂದೆ.

ಗಂಡ ಸತ್ತರೆ ಅವರಲ್ಲಿ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಮನೆ ಬಿಟ್ಟು ಹೊರಬೀಳುವುದಿಲ್ಲ, ಇದ್ದತ್ ಎನ್ನುತ್ತಾರೆ. ಇಲ್ಲಿಯ ಖಾಜಿಯವರು ಬಂದು, ಆ ದಿನಗಳು ಸತ್ತ ದಿನದಿಂದಲೇ ಎಣಿಕೆ, ಎಂದೋ ಮುಗಿದುಹೋದವು, ಈಗ ಕೂರುವ ಕಾರಣವಿಲ್ಲ ಎಂದು ತಿಳಿಸಿ ಹೇಳಿದರಂತೆ. "ಆ ದಿನಗಳು ನನಗ ಗೊತ್ತಿಲ್ಲದ ಹೋದವು. ನಾ ಕೂಡತೀನಿ" ಅಂದರಂತೆ ಬೀಬಿಯವರು. ಕೂತಿದ್ದಾರೆ. ಹೊಲಿಯಲು ಬಂದ ಬಟ್ಟೆ ಜಹೀದಾ ಹೊಲಿಯುತ್ತಾಳೆ. ಇದೆಲ್ಲ ಕಳಕವ್ವ ಹೇಳಿದ್ದು. ನಾನು ಆ ಓಣಿಯಲ್ಲಿ ಕಾಲಿಡುವುದಿಲ್ಲ.

ಹುಚ್ಚಪ್ಪ


ಧಾರವಾಡ
೨೨ ಸಪ್ಟೆಂಬರ್ ೧೯೫೭

ಹುಚ್ಚಪ್ಪ ಕಾಕಾ ಅವರಿಗೆ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿರಿ. ಬರೆಯಲು ಕುಳಿತಾಗಲೆಲ್ಲ ಜಹೀದಾ ಆಡಿದ ಮಾತು ನೆನಪಾಗಿ ಲೇಖನಿ ನಿಲ್ಲುತ್ತಿತ್ತು.

ಜುಲೈ ಸಭೆಯಲ್ಲಿ ಎದ್ದುನಿಂತು, ನಾನು ಓದಿದ ಕೊನೆಯ ಸಾಲು ಸುಳ್ಳು ಎಂದು ಹೇಳಿದೆ. ಯಾರು ಬರೆದರು, ಯಾಕೆ ಬರೆದರು ಎಂಬುದನ್ನೂ ಹೇಳಿದೆ. ತಮ್ಮ ಹೆಸರು, ಸಾಹೇಬರ ಮನೆಯವರ ಹೆಸರು ಎತ್ತಲಿಲ್ಲ. ಒಂದು ಸಾಲು ಸುಳ್ಳಾದ ಪುಸ್ತಕದ ಮಿಕ್ಕ ಸಾಲುಗಳನ್ನು ಹೇಗೆ ನಂಬುವುದು, ಆ ಅಧ್ಯಾಯ ತೆಗೆದುಬಿಡಿ ಎಂದರು ಪ್ರೊಫೆಸರರು. ಅವರು ಹೇಳಿದ್ದು ನ್ಯಾಯವೇ. ಒಂದೊಂದು ಹೆಸರನ್ನೂ ಊರಿಗೆ ಹೋಗಿ ವಿಚಾರಿಸಿ ಬರುತ್ತೇನೆ, ಒಂದು ವರ್ಷ ಹೆಚ್ಚು ಕೊಡಿರಿ ಎಂದು ಕೇಳಿಕೊಂಡೆ, ಒಪ್ಪಿದರು. ಮನೆಯಲ್ಲಿ ನನ್ನ ಸಂಶೋಧನೆ ಈ ವರ್ಷ ಮುಗಿಯುತ್ತದೆಂದು ಕಾಯುತ್ತಿದ್ದರು. ತಾಯಿ ಮಾತು ಬಿಟ್ಟಿದ್ದಾಳೆ, ತಂದೆ ಆ ಊರುಗಳ ಬಸ್ಸಿನ ವೇಳೆ ಕೇಳಿ ಬರೆದುಕೊಟ್ಟರು.

ಚಿಕ್ಕನರಗುಂದಕ್ಕೆ ಹೋದೆ. ಫಕೀರವ್ವ ಹೊಲದಲ್ಲಿದ್ದಳು. ನಾಕಾ ಅನ್ನುವುದೇ ತಡ, ತೊಟ್ಟಿಲ ಕಥೆಯನ್ನು ತಾನೇ ಹೇಳಿ ನಕ್ಕಳು. ಅಸೂಟಿಯಲ್ಲಿ ಇಬ್ಬರು, ನರಗುಂದದಲ್ಲಿ ಐದು ಜನ, ಹೊಳೆಆಲೂರಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಸಿಕ್ಕರು. ಈವರೆಗೆ ಮೂವತ್ತೊಂದು ಮಂದಿ. ತಾವು ಬರೆದ ಒಂದು ಅಕ್ಷರವೂ ತಪ್ಪಿಲ್ಲ. ಇದನ್ನು ತಮಗೆ ತಿಳಿಸಬೇಕೆನಿಸಿತು.

ಮುಮತಾಜಬಿಯವರ ಸುದ್ದಿ ಏನು?

ನರ್ಮದಾ


ಗಜೇಂದ್ರಗಡ
೧೦ ನವೆಂಬರ್ ೧೯೫೭

ಚಿರಂಜೀವಿ ನರ್ಮದಾಳಿಗೆ,

ಕಳೆದ ತಿಂಗಳ ಕೊನೆಗೆ ಬೀಬಿಯವರ ದಿನಗಳು ಮುಗಿದವು. ನಾಲ್ಕು ತಿಂಗಳಿನಲ್ಲಿ ನಾನು ಅವರ ಮುಖ ನೋಡಿರಲಿಲ್ಲ. ಮುಂದೆಯೂ ನೋಡುವೆನೆಂಬ ಭರವಸೆ ಇರಲಿಲ್ಲ. ಹೋದ ಬುಧವಾರ ಜಹೀದಾ ಪೇಟೆಗೆ ಬಂದು ನನ್ನ ಎದುರು ನಿಂತಳು. ಅವಳ ಮುಖದಲ್ಲಿ ನಗೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಅವ್ವಾಗ ಆ ಜಾಗಾ ನೋಡಬೇಕಂತ, ಕಾಕಾ" ಅಂದಳು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಮೂವರೂ ಹೋದೆವು. ಹಳ್ಳದ ಈಚೆ ಇಳಿದು ನಡೆದೇ ದಾಟಿದೆವು. ನೀರು ಹಿಮ್ಮಡದಷ್ಟಿತ್ತು. ಈಗ ಈಚೆಯೂ ಮೈಸೂರ ರಾಜ್ಯ, ಆಚೆಯೂ ಮೈಸೂರ ರಾಜ್ಯ. ಎಲ್ಲಿಂದ ಬಂದಿರಿ, ಗಂಟಿನಲ್ಲಿ ಏನಿದೆ ಎಂದು ಕೇಳುವವರು ಯಾರೂ ಇಲ್ಲ. ನಾಕಾದ ಮಾಳಿಗೆ ಕುಸಿದಿದೆ, ಬಾಗಿಲ ಕಟ್ಟಿಗೆಯನ್ನು ಯಾರೋ ಒಯ್ದಿದ್ದಾರೆ. ಬೀಬಿಯವರು ಆ ಬಾಗಿಲ ಮುಂದೆ ನಿಂತರು, ನಾನು ತೋರಿಸುವ ಅವಶ್ಯಕತೆ ಬೀಳಲಿಲ್ಲ. ಆಮೇಲೆ ಬನ್ನಿ ಗಿಡದ ಹತ್ತಿರ ಬಂದೆವು. ಸುತ್ತ ಮೊಳಕಾಲೆತ್ತರದ ಜೋಳ. ಹೊಲದವರು ಗಿಡದ ಬುಡ ಬಿಟ್ಟು ಬಿತ್ತಿದ್ದರು.

ಇಲ್ಲೇ ಎಂದೆ. ತಾಯಿ ಮಗಳು ಕುಳಿತರು. ಆಗ ಅತ್ತರು, ಇಬ್ಬರೂ ಅತ್ತರು. ನಾನು ದೂರ ಹೋಗಿ ಬದುವಿನ ಮೇಲೆ ಕುಳಿತೆ. ಹೊತ್ತು ಇಳಿಯುವ ತನಕ ಅವರನ್ನು ಕರೆಯಲಿಲ್ಲ.

ಕೊನೆಗೆ ಬೀಬಿಯವರೇ ನನ್ನನ್ನು ಕರೆದರು. ಜೂನದಿಂದ ಈಚೆಗೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

"ಹುಚ್ಚಪ್ಪಣ್ಣಾ, ಅವರ ಮುಖ ಯಾವ ಕಡೆ ಮಾಡಿ ಇಟ್ಟಿದ್ದಿ?"

ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಅವರ ಪದ್ಧತಿ ನನಗೆ ಆಗ ತಿಳಿದಿರಲಿಲ್ಲ, ಕೇಳಲು ಹತ್ತಿರ ಒಬ್ಬರೂ ಇರಲಿಲ್ಲ. ಇಷ್ಟು ವರ್ಷ ಅದೊಂದು ಅಂಜಿಕೆ ನನ್ನಲ್ಲಿತ್ತು. ಇದ್ದದ್ದನ್ನೇ ಹೇಳಿದೆ.

"ನಿಮ್ಮ ರೀತಿ ನನಗ ಗೊತ್ತಿರಲಿಲ್ರಿ. ನೀವು ಇಬ್ಬರೂ ಆ ದಂಡಿ ಮ್ಯಾಲ ಕಾಯಕೋತ ನಿಂತಿದ್ರಿ. ಒಂದ ಮಗ್ಗಲಕ ಮಲಗಿಸಿ, ಮುಖ ನಿಮ್ಮ ಕಡೆ ಮಾಡಿ ಇಟ್ಟೆ."

ಬೀಬಿಯವರು ಎದ್ದುನಿಂತು ಹಳ್ಳದ ಕಡೆ ನೋಡಿದರು. ಅದರಾಚೆ ಗಜೇಂದ್ರಗಡದ ಗುಡ್ಡ, ಗುಡ್ಡದ ಮೇಲೆ ಮುಳುಗುವ ಸೂರ್ಯ. ಜಹೀದಾ ತಾಯಿಯ ಕೈ ಹಿಡಿದಳು.

"ಪಡುವಲ ಆತಲ್ಲ" ಅಂದರು ಬೀಬಿಯವರು. "ನಾವು ನಮಾಜಿಗೆ ನಿಲ್ಲೂದೂ ಆ ಕಡೆನ. ಸತ್ತವರನ್ನ ಇಡೂದೂ ಆ ಕಡೆನ." ನನ್ನ ಕಡೆ ತಿರುಗಿ, "ಸರಿ ಇಟ್ಟಿ, ಅಣ್ಣಾ" ಅಂದರು.

ಆಮೇಲೆ ಅದೇ ಕಡೆಗೆ ಮುಖ ಮಾಡಿ ತಾಯಿ ಮಗಳು ನಮಾಜಿಗೆ ನಿಂತರು. ಅವರು ಮುಗಿಸುವ ತನಕ ನಾನೂ ಆ ಕಡೆ ನೋಡುತ್ತ ನಿಂತಿದ್ದೆ.

ಹುಚ್ಚಪ್ಪ